ಅಕ್ಕನನ್ನು ಯಾವ ಪಟ್ಟಿಗೆ ಸೇರಿಸಲಿ?

"ನೀನು ಕನ್ನಡದವಳಲ್ವಾ, ಯುವನಿಧಿಗೆ ಯಾಕೆ ಅರ್ಜಿ ಹಾಕಲಿಲ್ಲ?" ಅಂತ ಬೆಂಗಳೂರಿನಿಂದ ಕೇಳಿದೆಯಲ್ಲ, ಅದಕ್ಕೆ ಈ ಉತ್ತರ.

ನಾನು ಮಂಜೇಶ್ವರದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅರ್ಜಿಗಳಲ್ಲಿ ಮಲಯಾಳ. ಡಿಗ್ರಿ ಓದಿದ್ದು ಮಂಗಳೂರಿನಲ್ಲಿ. ಆದರೆ 1956ರ ನವೆಂಬರ್ 1ರಿಂದ ನಮ್ಮೂರು ಕೇರಳಕ್ಕೆ ಸೇರಿದೆ, ಯುವನಿಧಿ ಅನ್ನುವ ನಿರುದ್ಯೋಗ ಭತ್ಯೆ ಇರುವುದು ಕರ್ನಾಟಕದ ನಿವಾಸಿಗಳಿಗೆ. ಬಸ್ಸೂ ಹಾಗೆಯೇ. ಪುತ್ತೂರಿನ ಚಿಕ್ಕಮ್ಮನ ಮಗಳ ಜೊತೆ ಧರ್ಮಸ್ಥಳಕ್ಕೆ ಹೊರಟರೆ ಅವಳಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್. ನನ್ನ ಆಧಾರಿನಲ್ಲಿ ಮಲಯಾಳ ಅಕ್ಷರ, ನಾನು ದುಡ್ಡು ಕೊಡಬೇಕು. ಕೊಡುತ್ತೇನೆ, ಬೇಜಾರಿಲ್ಲ. ಆದರೆ ಅಷ್ಟಕ್ಕೇ ನನ್ನನ್ನು ಅರ್ಧ ಕನ್ನಡದವಳು ಅನ್ನಬೇಡ.

ನನಗೆ ದಿನಾ ಕಾಡುವುದು ಅಕ್ಕನ ವಿಷಯ. ಯುವನಿಧಿ ಡಿಗ್ರಿಯವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500. ಅಕ್ಕ ತಲಪಾಡಿ ಗಡಿಯ ಆ ಕಡೆ, ಕರ್ನಾಟಕದಲ್ಲಿ ಹುಟ್ಟಿದ್ದರೂ ಅವಳಿಗೆ ಸಿಗುತ್ತಿರಲಿಲ್ಲ. ಅಣ್ಣನ ಫೀಸು ಕಟ್ಟಲಿಕ್ಕೆ ಅಂತ ಹತ್ತನೇ ಕ್ಲಾಸಿಗೇ ಓದು ಬಿಟ್ಟವಳು ಅವಳು. ಮಧ್ಯಾಹ್ನ ಊಟ ಮುಗಿದ ಕೂಡಲೇ ಬೀಡಿ ಕಟ್ಟುವ ಗೆರಸೆ ತೊಡೆಯ ಮೇಲೆ ಬರುತ್ತದೆ. ನೆನೆಸಿದ ಎಲೆ ಕತ್ತರಿಸಿ, ಹೊಗೆಸೊಪ್ಪು ಹಾಕಿ, ಸುರುಳಿ ಸುತ್ತಿ, ನೂಲು ಕಟ್ಟುತ್ತಾಳೆ. ಬೆರಳ ತುದಿ ಒರಟಾಗಿದೆ.

ರಾಷ್ಟ್ರೀಯ ಯುವ ನೀತಿ 2014ರ ಪ್ರಕಾರ 15ರಿಂದ 29 ವರ್ಷದವರೆಲ್ಲ ಯುವಜನ. ಅಕ್ಕನಿಗೆ 26. ಆದರೂ ಅಣ್ಣ ಕೆಲಸ ಹುಡುಕುತ್ತಿದ್ದಾಗ "ಪಾಪ, ನಿರುದ್ಯೋಗಿ ಯುವಕ" ಅಂದ ಊರು, ಅಕ್ಕನ ಬಗ್ಗೆ "ಮನೆಯಲ್ಲೇ ಇದ್ದಾಳೆ" ಅನ್ನುತ್ತದೆ. ಓದಿ ಕೆಲಸಕ್ಕೆ ಕಾಯುವವರು ಯುವಜನ. ಓದು ಬಿಟ್ಟು ದುಡಿಯುವ ಹುಡುಗಿ ಮದುವೆಗೆ ಕಾಯುವವಳು. ಯೋಜನೆ ಬರೆಯುವವರ ತಲೆಯಲ್ಲೂ ಇದೇ ಇದೆ ಅನ್ನುವುದು ನನ್ನ ಸಿಟ್ಟು.

ನಮ್ಮ ಕಡೆಯ ಕುಟುಂಬಶ್ರೀ, ಅಂದರೆ ಕೇರಳದ ಹೆಂಗಸರ ಸ್ವಸಹಾಯ ಸಂಘಗಳ ಬಗ್ಗೆ ನನಗೆ ಹೆಮ್ಮೆ ಇದೆ, ಸುಮ್ನೆ ಹೇಳುತ್ತಿಲ್ಲ. ಆದರೆ ಅದರ ಅಯಲ್‌ಕೂಟದಲ್ಲಿ, ಅಂದರೆ ನೆರೆಹೊರೆಯ ಗುಂಪಿನಲ್ಲಿ, ಮನೆಗೆ ಒಬ್ಬಳೇ ಸದಸ್ಯೆ. ನಮ್ಮ ಮನೆಯಿಂದ ಅಮ್ಮ. ನಾಳೆ ಅಕ್ಕನಿಗೆ ಮದುವೆಯಾದರೆ ಅಲ್ಲಿ ಅತ್ತೆ ಇರುತ್ತಾರೆ. 2021ರಲ್ಲಿ 18ರಿಂದ 40 ವರ್ಷದ ಹೆಂಗಸರಿಗೆ ಬೇರೆ ಗುಂಪು ಶುರುವಾದ ಮೇಲೆಯೇ ಅಕ್ಕ ಅವಳದೇ ಹೆಸರಲ್ಲಿ ಒಂದು ಕಡೆ ಕೂತದ್ದು.

ಕಳೆದ ತಿಂಗಳು ಒಂದು ಕಚೇರಿಯಲ್ಲಿ ಅವಳ ಅರ್ಜಿ ತುಂಬಿಸಲಿಕ್ಕೆ ಜೊತೆಗೆ ಹೋಗಿದ್ದೆ. 'ತೊಳಿಲ್' ಅಂತ ಒಂದು ಸಾಲು, ಅಂದರೆ ಕೆಲಸ. ಅಕ್ಕ "ಬೀಡಿ" ಅಂದಳು. ಬರೆದುಕೊಳ್ಳುತ್ತಿದ್ದವರು "ಇಲ್ಲ" ಅಂತ ಬರೆದರು. ನಾನು ಮೊದಲು ಕನ್ನಡದಲ್ಲಿ, ಆಮೇಲೆ ನನಗೆ ಬರುವಷ್ಟು ಮಲಯಾಳದಲ್ಲಿ ಹೇಳಿದೆ. ಅವರು ಅದನ್ನು ಹೊಡೆದುಹಾಕಿ ಮೇಲೆ ಸಣ್ಣ ಅಕ್ಷರದಲ್ಲಿ 'ಬೀಡಿ' ಅಂತ ಬರೆದರು.