ಕಯಾಕ್ (ಕುಳಿತು ಹುಟ್ಟು ಹಾಕುವ ಕಿರುದೋಣಿ) ಬಿಟ್ಟು ಪ್ಯಾಡಲ್‌ಬೋರ್ಡ್ (ನಿಂತು ಹುಟ್ಟು ಹಾಕುವ ತೇಲುಹಲಗೆ) ಮೇಲೆ ನಿಂತು ಮೀನು ಹಿಡಿಯಬಹುದೇ?

ಹಿಡಿಯಬಹುದು, ಆದರೆ ಎಂಥ ನೀರು ಎಂಬುದನ್ನು ಮೊದಲು ನೋಡಿ. ಫ್ಲಾರಿಡಾದ ಕರಾವಳಿಯಲ್ಲಿರುವಂಥ ಮೊಣಕಾಲುದ್ದದ ತಿಳಿನೀರಾದರೆ ಬೋರ್ಡಿನದೇ ಮೇಲುಗೈ. ಕಯಾಕಿನಲ್ಲಿ ಕುಳಿತವನ ಕಣ್ಣು ನೀರಿಗೆ ತೀರ ಹತ್ತಿರವಿರುವುದರಿಂದ ಮೇಲ್ಮೈಯ ಹೊಳಪೇ ಕಣ್ಣಿಗೆ ಹೊಡೆಯುತ್ತದೆ. ನಿಂತವನಿಗೆ ತಳದ ಹುಲ್ಲು, ಮರಳು, ತಲೆ ತಗ್ಗಿಸಿ ಏಡಿ ಹುಡುಕುವ ರೆಡ್‌ಫಿಶ್ ಎಂಬ ಮೀನು ಎಲ್ಲವೂ ಕಾಣುತ್ತವೆ. ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕವಿದ್ದರಂತೂ ಮೀನನ್ನು ಕಂಡೇ ಗಾಳ ಎಸೆಯಬಹುದು. ಕದಡಿದ ನೀರಿನಲ್ಲಿ ಈ ಲಾಭವಿಲ್ಲ.

ತೊಂದರೆ ಕೊಡುವುದು ಗಾಳಿ. ನಿಂತವನ ಮೈಯೇ ಹಾಯಿಯಾಗಿಬಿಡುತ್ತದೆ. ಗಾಳಿ ಜೋರಾದರೆ ಅಭಿಮಾನ ಬದಿಗಿಟ್ಟು ಮಂಡಿಯೂರಿ ಹುಟ್ಟು ಹಾಕಬೇಕು. ಹುಟ್ಟು, ಗಾಳದ ಕೋಲು ಎರಡನ್ನೂ ಹಿಡಿಯಲು ಮೂರನೆಯ ಕೈ ಇಲ್ಲವಾದ್ದರಿಂದ ಸಣ್ಣ ಲಂಗರು ಬೇಕೇ ಬೇಕು. ಇಲ್ಲದಿದ್ದರೆ ದೊಡ್ಡ ಮೀನು ಬೋರ್ಡನ್ನೇ ಎಳೆದುಕೊಂಡು ಹೋಗುತ್ತದೆ, ಅದೂ ಒಂದು ಮೋಜೇ ಅನ್ನಿ.

ಸುಮಾರು 34 ಅಂಗುಲ ಅಗಲದ ಬೋರ್ಡ್ ಆರಿಸಿ. ವೇಗಕ್ಕೆಂದು ಮಾಡಿದ ಕಿರಿದಾದವು ಬೇಡ. ಐಸ್ ಪೆಟ್ಟಿಗೆಯನ್ನು ಪಟ್ಟಿಯಿಂದ ಬಿಗಿದರೆ ಅದೇ ಆಸನ. ಉಳಿದ ಸಾಮಾನನ್ನೂ ಕಟ್ಟಿಡಿ, ಏಕೆಂದರೆ ಒಮ್ಮೆಯಾದರೂ ಬೀಳುತ್ತೀರಿ.

ಲೈಫ್ ಜಾಕೆಟ್ ಮರೆಯಬೇಡಿ. ಅಲೆಸವಾರಿಯ ಜಾಗದ ಹೊರಗೆ ಬಳಸುವ ಪ್ಯಾಡಲ್‌ಬೋರ್ಡನ್ನು ಅಮೆರಿಕದ ಕೋಸ್ಟ್ ಗಾರ್ಡ್ (ಕರಾವಳಿ ಕಾವಲು ಪಡೆ) 2008ರಲ್ಲೇ ದೋಣಿಗಳ ಸಾಲಿಗೆ ಸೇರಿಸಿದೆ, ಹಾಗಾಗಿ ದೋಣಿಯ ಲೈಫ್ ಜಾಕೆಟ್ ನಿಯಮ ಇದಕ್ಕೂ ಉಂಟು. ಹರಿಯುವ ಹೊಳೆಯಲ್ಲಿ ಬೋರ್ಡನ್ನು ನಿಮಗೆ ಜೋಡಿಸುವ ಹಗ್ಗವನ್ನು ಕಾಲಿಗೆ ಕಟ್ಟಬೇಡಿ. ಕೊಂಬೆಗೆ ಸಿಕ್ಕಿಕೊಂಡರೆ ಪ್ರಾಣಕ್ಕೆ ಕುತ್ತು. ಎಳೆದೊಡನೆ ಬಿಚ್ಚಿಕೊಳ್ಳುವ ಸೊಂಟದ ಪಟ್ಟಿಯೇ ಸರಿ.

ದಿನವಿಡೀ, ಆಳದಲ್ಲಿ, ನಾಲ್ಕಾರು ಗಾಳಗಳೊಂದಿಗೆ ಇರುವುದಾದರೆ ಕಯಾಕ್ ಮಾರಬೇಡಿ.