ಸ್ತಾನಿಸ್ವಾಫ್: ಭೂರಿಶ್ರವನಿಗೆ ದೂರದ ನೆಂಟ

ಪೋಲೆಂಡಿನಲ್ಲಿ ಪಕ್ಕದ ಮನೆಯವರು ಮಗನಿಗೆ ‘ಸ್ಟಾನಿಸ್ಲಾವ್’ ಎಂದು ಹೆಸರಿಟ್ಟಿದ್ದಾರೆ. ಇದರ ಅರ್ಥವೇನು, ಈಗಲೂ ಈ ಹೆಸರು ಇಡುತ್ತಾರಾ, ಮಗುವನ್ನು ಹೇಗೆ ಕರೆಯಬೇಕು ಎಂದು ಕೇಳಿದ್ದೀರಿ.

ಮೊದಲು ಉಚ್ಚಾರಣೆ ಸರಿಮಾಡಿಕೊಳ್ಳಿ. ‘ಸ್ಟಾನಿಸ್ಲಾವ್’ ಎನ್ನುವುದು ಝೆಕ್ಕರ, ರಷ್ಯನ್ನರ ರೀತಿ. ಪೋಲಿಷ್‌ನಲ್ಲಿ ಅಡ್ಡಗೆರೆ ಎಳೆದ ಎಲ್ ಅಕ್ಷರವನ್ನು (Stanisław ಎಂಬಲ್ಲಿನ ł) ‘ಲ’ ಎನ್ನುವುದಿಲ್ಲ, ತುಟಿ ದುಂಡಗೆ ಮಾಡಿ ‘ವ’ ಎನ್ನುತ್ತಾರೆ. ಪದದ ಕೊನೆಗೆ ಬಂದ ಡಬ್ಲ್ಯೂ ‘ಫ್’ ಆಗುತ್ತದೆ. ಟ ಅಲ್ಲ, ನಮ್ಮ ತ. ಹಾಗಾಗಿ ‘ಸ್ತಾನಿಸ್ವಾಫ್’, ಒತ್ತು ‘ನಿ’ ಮೇಲೆ.

ಹೆಸರಿನಲ್ಲಿ ಎರಡು ಹಳೆಯ ಸ್ಲಾವಿಕ್ ಧಾತುಗಳಿವೆ: ‘ನಿಲ್ಲು, ಆಗು’ ಎಂಬುದೊಂದು, ‘ಕೀರ್ತಿ’ ಎಂಬುದು ಇನ್ನೊಂದು. ‘ಕೀರ್ತಿವಂತನಾಗಲಿ’ ಎಂಬ ಹಾರೈಕೆ ಎನ್ನಬಹುದು. ಮೊದಲನೆಯದು ಸಂಸ್ಕೃತದ ‘ಸ್ಥಾ’ಗೆ, ಎರಡನೆಯದು ‘ಶ್ರವಸ್’ಗೆ ಸಂಬಂಧಿ. ಮಹಾಭಾರತದ ಭೂರಿಶ್ರವನ ಹೆಸರಿನಲ್ಲಿರುವುದೂ ಅದೇ ಶ್ರವಸ್: ನಾಲ್ಕು ಜನರ ಕಿವಿಗೆ ಬಿದ್ದದ್ದೇ ಕೀರ್ತಿ. ಇಷ್ಟು ದೂರದ ಎರಡು ಹೆಸರುಗಳು ಒಂದೇ ಬೇರಿನಿಂದ ಬಂದಿವೆ ಎನ್ನುವುದು ನನಗಂತೂ ತುಂಬ ಇಷ್ಟವಾದ ಸಂಗತಿ.

ಹೆಸರಿಗೆ ಬಲ ತಂದವರು ಪೋಲೆಂಡಿನ ನಗರವಾದ ಕ್ರಾಕೂಫ್‌ನ ಬಿಷಪ್ ಸ್ತಾನಿಸ್ವಾಫ್. ದೊರೆ ಎರಡನೇ ಬೊಲೆಸ್ವಾಫ್‌ನನ್ನು ಎದುರುಹಾಕಿಕೊಂಡು 1079ರಲ್ಲಿ ಕೊಲೆಯಾದರು. 1253ರಲ್ಲಿ ಸಂತರೆಂದು ಘೋಷಿತರಾದರು. ತುಂಡಾದ ಅವರ ದೇಹ ಮತ್ತೆ ಕೂಡಿಕೊಂಡಿತು ಎಂಬ ಐತಿಹ್ಯವಿದೆ. ಅವರನ್ನು ಸಂತರೆಂದು ಘೋಷಿಸಿದ ಕಾಲಕ್ಕೆ ಪೋಲೆಂಡ್ ಹರಿದು ಹಂಚಿಹೋಗಿತ್ತು. ನಾಡೂ ಹೀಗೆಯೇ ಒಂದಾಗುತ್ತದೆ ಎಂದು ಜನ ನಂಬಿದರು. ಸಂತರ ಹಬ್ಬ ಅಲ್ಲಿ ಮೇ 8. ಅನೇಕ ಸ್ತಾನಿಸ್ವಾಫ್‌ಗಳು ನಾಮದಿನ (ತಮ್ಮ ಹೆಸರಿನ ಸಂತರ ದಿನ) ಆಚರಿಸುವುದೂ ಅಂದೇ. ಆದರೆ ಇದೇ ಹೆಸರಿನ ಬೇರೆ ಸಂತರೂ ಇರುವುದರಿಂದ ಶುಭಾಶಯ ಹೇಳುವ ಮುಂಚೆ ದಿನ ಯಾವುದೆಂದು ಮನೆಯವರನ್ನೇ ಕೇಳಿ. ಪೋಲೆಂಡಿನ ಕೊನೆಯ ದೊರೆಯ ಹೆಸರೂ ಸ್ತಾನಿಸ್ವಾಫ್ (ಆಳ್ವಿಕೆ 1764–1795).

ಎರಡು ಮಹಾಯುದ್ಧಗಳ ನಡುವೆ ಬಹಳ ಇಡುತ್ತಿದ್ದ ಈ ಹೆಸರು ಆಮೇಲೆ ‘ಅಜ್ಜಂದಿರ ಹೆಸರು’ ಅನ್ನಿಸಿಕೊಂಡಿತು. ಈ ಶತಮಾನದಲ್ಲಿ ಯಾನ್, ಆಂತೊನಿ, ಫ್ರಾನ್ಚಿಶೆಕ್‌ಗಳ ಜೊತೆ ಇದೂ ಮರಳಿದೆ. 2020ರ ನಂತರದ ವಾರ್ಷಿಕ ಪಟ್ಟಿಗಳಲ್ಲಿ ಮೊದಲ ಹತ್ತರ ಆಸುಪಾಸಿನಲ್ಲಿದೆ.

ಮನೆಯಲ್ಲಿ ಸಾಮಾನ್ಯವಾಗಿ ಪೂರ್ತಿ ಹೆಸರು ಕರೆಯುವುದಿಲ್ಲ. ಪುಟ್ಟ ಮಗು ‘ಸ್ತಾಶ್’, ಬೆಳೆದ ಮೇಲೆ ‘ಸ್ತಾಷೆಕ್’. ಎದುರಿಗೆ ಕೂಗುವಾಗ ಸಂಬೋಧನೆಯ ವಿಭಕ್ತಿ ಸೇರಿ ‘ಸ್ತಾಶು!’ ಆಗುತ್ತದೆ. ಹೊರಗಿನವರು ಎಡವುವ ಜಾಗ ಇನ್ನೊಂದಿದೆ: ಷಷ್ಠಿಯಲ್ಲಿ ‘ಸ್ತಾನಿಸ್ವಾಫ್‌ನ’ ಎನ್ನಲು ‘ಸ್ತಾನಿಸ್ವಾವಾ’ ಎಂದು ಬರೆಯುತ್ತಾರೆ, ಹೆಣ್ಣುಮಕ್ಕಳ ಹೆಸರೂ ಅಕ್ಷರಶಃ ಅದೇ. ನಾಮಕರಣದ ಕರೆಯೋಲೆಯಲ್ಲಿ ಹಾಗಿದೆ ಎಂದು ಹುಡುಗಿ ಅಂದುಕೊಂಡು ಲಂಗ ತೆಗೆದುಕೊಂಡು ಹೋಗಬೇಡಿ. ಉಡುಗೊರೆಯ ಮೇಲೆ ಹೆಸರು ಬರೆಸುವಾಗ ಎಲ್ ಮೇಲಿನ ಅಡ್ಡಗೆರೆ ಬಿಡಬೇಡಿ; ಅವರಿಗೆ ಅದು ಬೇರೆಯದೇ ಅಕ್ಷರ.