ಸ್ಟ್ರೀಕ್ ಪ್ಲೇಟಿನಲ್ಲಿ ಬಿಡಿ ಕಾಲೊನಿ ಯಾಕೆ ಬರುತ್ತಿಲ್ಲ?

ರಾಯಚೂರಿನಲ್ಲಿ ಬಿಎಸ್‌ಸಿ ಮೊದಲ ವರ್ಷ, ಶೇಂಗಾ ಹೊಲದ ಮಣ್ಣು ತಂದು ನೀರಲ್ಲಿ ಕಲಸಿ ನ್ಯೂಟ್ರಿಯಂಟ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಆಹಾರ) ಮೇಲೆ ಸ್ಟ್ರೀಕ್ ಮಾಡಿದರೆ, ಅಂದರೆ ಗೆರೆ ಎಳೆದು ಹರಡಿದರೆ, ಮಾರನೇ ದಿನ ಪ್ಲೇಟ್ ಪೂರ್ತಿ ಪೊರೆ ಕಟ್ಟುತ್ತದೆ, ಒಂದೂ ಬಿಡಿ ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಾಣುವ ಬೇರೆ ಬೇರೆ ಚುಕ್ಕೆ) ಇಲ್ಲ ಅಂತ ಕೇಳಿದ್ದೀರಿ. ಇದೇ ಊರಿನಲ್ಲಿ ನಾನು ಈ ಲ್ಯಾಬ್ ಪಾಠ ಮಾಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ.

ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅದನ್ನು ನೇರವಾಗಿ ಸ್ಟ್ರೀಕ್ ಮಾಡಬೇಡಿ. 1 ಗ್ರಾಂ ಮಣ್ಣನ್ನು 9 ಎಂಎಲ್ ಸ್ಟೆರೈಲ್ (ಜೀವಾಣು ಇಲ್ಲದ) ನೀರಿಗೆ ಹಾಕಿ ಚೆನ್ನಾಗಿ ಅಲುಗಾಡಿಸಿ. ಅದರಿಂದ 1 ಎಂಎಲ್ ಇನ್ನೊಂದು 9 ಎಂಎಲ್ ನೀರಿಗೆ. ಹೀಗೆ ನಾಲ್ಕೈದು ಸಲ ಮಾಡಿ, ಕೊನೆಯ ಟ್ಯೂಬಿನಿಂದ 0.1 ಎಂಎಲ್ ತೆಗೆದು ಪ್ಲೇಟಿನ ಮೇಲೆ ಹರಡಿ. ಅದರಲ್ಲಿ ಬಂದ ಒಂದು ಕಾಲೊನಿಯನ್ನು ಆರಿಸಿಕೊಂಡು ಸ್ಟ್ರೀಕ್ ಮಾಡಿ.

ಸ್ಟ್ರೀಕ್ ಮಾಡುವಾಗ ಎಲ್ಲವೂ ಲೂಪಿನ (ತುದಿಯಲ್ಲಿ ಬಳೆಯಿರುವ ತಂತಿ) ಮೇಲೆಯೇ ನಿಂತಿದೆ. ಪ್ಲೇಟನ್ನು ನಾಲ್ಕು ಭಾಗ ಅಂದುಕೊಳ್ಳಿ. ಮೊದಲ ಭಾಗದ ಗೆರೆ ಎಳೆದ ಮೇಲೆ ಲೂಪನ್ನು ಕೆಂಪಗಾಗುವವರೆಗೆ ಸುಡಲೇಬೇಕು. ತುಂಬಾ ಜನ ಬಿಡುವುದು ಇದನ್ನೇ. ಆಮೇಲೆ ಅಗಾರಿನ ಖಾಲಿ ಅಂಚಿಗೆ ಮುಟ್ಟಿಸಿ. ಚುಂಯ್ ಅಂದರೆ ಇನ್ನೂ ಬಿಸಿ ಇದೆ, ತಾಳಿ. ಆರಿದ ಲೂಪಿನಿಂದ ಮೊದಲ ಭಾಗದ ತುದಿಯನ್ನು ಒಂದೆರಡು ಸಲ ಮಾತ್ರ ತಾಗಿಸಿ ಎರಡನೇ ಭಾಗಕ್ಕೆ ಎಳೆಯಿರಿ. ಮತ್ತೆ ಸುಡಿ, ಮೂರನೇ ಭಾಗ. ಮತ್ತೆ ಸುಡಿ, ನಾಲ್ಕನೇ ಭಾಗ. ಸುಡದಿದ್ದರೆ ಮೊದಲಿನ ರಾಶಿಯನ್ನೇ ಪ್ಲೇಟ್ ತುಂಬಾ ಬಳಿದ ಹಾಗೆ. ಕೈ ಹಗುರವಾಗಿರಲಿ, ಅಗಾರ್ ಕೀಳಬಾರದು.

ಇಷ್ಟಾದರೂ ಪೊರೆಯೇ ಬಂದರೆ ಪ್ಲೇಟಿನಲ್ಲಿರುವ ನೀರಿನ ಮೇಲೆ ಅನುಮಾನ ಪಡಿ. ಅಗಾರನ್ನು ತುಂಬಾ ಬಿಸಿಯಿದ್ದಾಗ ಸುರಿದರೆ ಮುಚ್ಚಳದಲ್ಲಿ ಹನಿ ಕಟ್ಟುತ್ತದೆ. ಆ ಹನಿ ಬಿದ್ದರೆ ಕಾಲೊನಿಗಳು ಕೂಡಿಕೊಳ್ಳುತ್ತವೆ. ಮಣ್ಣಿನ ಕೆಲವು ಬ್ಯಾಸಿಲಸ್‌ಗಳಂತೂ (ಕೋಲಿನಾಕಾರದ ಒಂದು ಜಾತಿಯ ಬ್ಯಾಕ್ಟೀರಿಯಾ) ಒದ್ದೆ ಅಗಾರ್ ಸಿಕ್ಕರೆ ಈಜಿಕೊಂಡೇ ಹರಡುತ್ತವೆ. 50 ಡಿಗ್ರಿ ಹತ್ತಿರ ಇಳಿದ ಮೇಲೆ ಸುರಿಯಿರಿ, ಮೇಲ್ಮೈ ಒಣಗಲಿ, ಪ್ಲೇಟನ್ನು ತಲೆಕೆಳಗಾಗಿ ಇಡಿ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟುತ್ತದೆ ಅಲ್ವಾ? ಪ್ಲೇಟುಗಳನ್ನು ಬೆಳೆಯಲು ಇಡುವ ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ ಅಷ್ಟೇ, ತಂಪು ಮಾಡುವುದಿಲ್ಲ. ರೂಮೇ 40 ಇದ್ದರೆ ಗುಂಡಿಯನ್ನು 30ಕ್ಕೆ ತಿರುಗಿಸಿ ಪ್ರಯೋಜನವಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಕ್ಕೆ 28ರಿಂದ 30 ಸಾಕು, ಹಾಗಾಗಿ ಬೇಸಿಗೆಯಲ್ಲಿ ತಂಪನ್ನೂ ಮಾಡುವ ಬಿಓಡಿ ಇನ್‌ಕ್ಯುಬೇಟರ್ ಕೇಳಿ ಪಡೆಯಿರಿ. 1881ರ ಸುಮಾರಿಗೆ ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಟರ್ ಹೆಸ್ಸೆಯವರ ಹೆಂಡತಿ ಫ್ಯಾನಿ ಹೆಸ್ಸೆ ಅಗಾರ್ ಬಳಸಲು ಹೇಳಿದ್ದೂ ಸೆಕೆಯ ಕಾರಣಕ್ಕೇ: ಅದಕ್ಕೂ ಮೊದಲು ಬಳಸುತ್ತಿದ್ದ ಜೆಲಟಿನ್ ಬೇಸಿಗೆಯಲ್ಲಿ ಕರಗಿ ನೀರಾಗುತ್ತಿತ್ತು. ಸೆಕೆ ಅಂತ ಫ್ಯಾನ್ ಮಾತ್ರ ಹಾಕಬೇಡಿ. ಬರ್ನರಿನ ಉರಿ ಅಲುಗಾಡುತ್ತದೆ, ಧೂಳಿನ ಜೊತೆ ಬೇರೆ ಬ್ಯಾಕ್ಟೀರಿಯಾವೂ ಪ್ಲೇಟಿಗೆ ಬೀಳುತ್ತವೆ.

ಬಿಡಿ ಕಾಲೊನಿ ಸಿಕ್ಕ ಕೂಡಲೇ ಶುದ್ಧ ಅಂತ ನಂಬಬೇಡಿ. ಅದನ್ನೇ ಹೊಸ ಪ್ಲೇಟಿನಲ್ಲಿ ಇನ್ನೊಮ್ಮೆ ಸ್ಟ್ರೀಕ್ ಮಾಡಿ. ಎಲ್ಲ ಕಾಲೊನಿಗಳೂ ಒಂದೇ ಥರ ಕಂಡರೆ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಮಾಡಿ ನೋಡಿ. ಹಳೇ ಪ್ಲೇಟುಗಳನ್ನು ಸುಮ್ನೆ ಕಸಕ್ಕೆ ಹಾಕಬೇಡಿ, ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯಿಂದ ಜೀವಾಣು ಸಾಯಿಸುವ ಪಾತ್ರೆ) 121 ಡಿಗ್ರಿಗೆ ಹಾಕಿಯೇ ಬಿಸಾಡಬೇಕು.